ಕೊಲಂಬಸ್‌ನಲ್ಲಿ ಹೊಟ್ಟೆ ಝಲ್ ಅನ್ನೋದನ್ನು ಫೋನಿನಲ್ಲಿ ಅಳೆಯೋದು ಹೇಗೆ

ನಾನು ಲಿಫ್ಟ್ ಸರ್ವಿಸ್ ಮಾಡೋನು. ಒಳಗೆ ನಿಂತವರಿಗೆ ಏನೂ ಗೊತ್ತಾಗದಂತೆ ನೋಡಿಕೊಳ್ಳೋದೇ ನನ್ನ ಕೆಲಸ. ಹೊರಡುವಾಗ ಜರ್ಕ್ ಇರಬಾರದು, ನಿಲ್ಲುವಾಗ ಮೊಣಕಾಲು ಕುಸಿಯಬಾರದು. ಅದಕ್ಕೇ ಮೈಸೂರಿನ ದಸರಾ ವಸ್ತುಪ್ರದರ್ಶನಕ್ಕೆ ಹೋದಾಗ ದೊಡ್ಡಕೆರೆ ಮೈದಾನದ ಕೊಲಂಬಸ್ (ಆ ತೂಗಾಡೋ ದೋಣಿ ರೈಡು) ಮುಂದೆ ಕ್ಯೂ ನಿಂತವರನ್ನು ಕಂಡರೆ ನನಗೆ ನಗು. ನಾವು ತಪ್ಪಿಸೋಕೆ ಒದ್ದಾಡೋದನ್ನೇ ಇವರು ಟಿಕೆಟ್ ತಗೊಂಡು ಅನುಭವಿಸ್ತಾರೆ! ಪಿಯುಸಿ ಓದೋ ಅಕ್ಕನ ಮಗಳು ಒಂದ್ಸಲ ಕೇಳಿದಳು, "ಮಾವ, ಲಿಫ್ಟ್ ಚೆಕ್ ಮಾಡೋಕೆ ಫೋನ್ ಇಡ್ತೀಯಲ್ಲ, ಅದನ್ನೇ ಇಲ್ಲೂ ಇಟ್ಟರೆ?" ಇಟ್ಟೆವು. ಅಲ್ಲಿಂದ ಹತ್ತಿದ ಚಾಳಿ ಇದು.

ಬೇಕಾಗಿರೋದು ಒಂದು ಸಾಧಾರಣ ಸ್ಮಾರ್ಟ್‌ಫೋನು, ಜಿಪ್ ಇರೋ ಸೊಂಟದ ಪೌಚು, ಫೈಫಾಕ್ಸ್ (phyphox) ಅನ್ನೋ ಆ್ಯಪು. ಜರ್ಮನಿಯ ಆಖೆನ್ ನಗರದ ವಿಶ್ವವಿದ್ಯಾಲಯದವರು ಮಾಡಿ ಪುಕ್ಕಟೆ ಕೊಟ್ಟಿರೋದು. ಆ್ಯಂಡ್ರಾಯ್ಡ್, ಐಫೋನ್ ಎರಡರಲ್ಲೂ ಸಿಗುತ್ತೆ. ತೆರೆದರೆ ಆಕ್ಸೆಲರೇಷನ್ (ವೇಗೋತ್ಕರ್ಷ) ಎರಡು ಥರ ಕಾಣುತ್ತೆ, 'ವಿತ್ ಜಿ' ಮತ್ತು 'ವಿದೌಟ್ ಜಿ'. 'ಜಿ' ಅಂದರೆ ಭೂಮಿಯ ಸೆಳೆತ. 'ವಿತ್ ಜಿ' ಒತ್ತಿ. ಇನ್ನೊಂದರಲ್ಲಿ ಫೋನು ತನ್ನ ಲೆಕ್ಕದಲ್ಲೇ ಕೆಳಗು ಯಾವುದು ಅಂತ ಊಹಿಸಿ ಭೂಮಿಯ ಸೆಳೆತವನ್ನು ಕಳೆದುಬಿಡುತ್ತೆ. ತಲೆಕೆಳಗಾಗಿ ಸುತ್ತೋ ರೈಡಿನಲ್ಲಿ ಆ ಊಹೆಗೆ ಬೆಲೆಯಿಲ್ಲ.

ಮೊದಲು ಮನೆಯಲ್ಲೇ ಪರೀಕ್ಷೆ. ಫೋನನ್ನು ಮೇಜಿನ ಮೇಲೆ ಅಂಗಾತ ಇಟ್ಟರೆ 9.8ರ ಆಸುಪಾಸಿನ ಅಂಕಿ (ಮೀಟರ್/ಸೆಕೆಂಡ್²) ಬರಬೇಕು. ಸುಮ್ಮನೆ ಬಿದ್ದಿರೋ ಫೋನಿಗೆ ಎಲ್ಲಿಯ ವೇಗೋತ್ಕರ್ಷ ಅಂತ ಹುಡುಗಿ ಜಗಳಕ್ಕೆ ಬಂದಳು. ನ್ಯಾಯವಾದ ಜಗಳವೇ. ಒಳಗಿರೋ ಸೆನ್ಸರ್ ನಿಜವಾಗಿ ಅಳೆಯೋದು ಮೇಜು ಫೋನನ್ನು ಎಷ್ಟು ಮೇಲಕ್ಕೆ ಒತ್ತುತ್ತಿದೆ ಅನ್ನೋದನ್ನ. ನಮ್ಮ ಮೈಗೆ ಗೊತ್ತಾಗೋದೂ ಅದೇ, ಸೀಟು ನಮ್ಮನ್ನು ಒತ್ತುವ ಬಲ. ಬಂದ ಅಂಕಿಯನ್ನು 9.8ರಿಂದ ಭಾಗಿಸಿದರೆ ಎಷ್ಟು 'ಜಿ' ಅಂತ ಸಿಕ್ಕಿತು. ಸುಮ್ಮನೆ ಕೂತಾಗಿನ ಭಾರ 1 ಜಿ. ಮೈಸೂರಿನಲ್ಲಿ ಗುರುತ್ವ ಸುಮಾರು 9.78, ಪುಸ್ತಕದ 9.81 ಅಲ್ಲ. ನಾವು ಸಮಭಾಜಕ ವೃತ್ತಕ್ಕೆ ಹತ್ತಿರ, ಜೊತೆಗೆ ಸಮುದ್ರಮಟ್ಟದಿಂದ ಮೇಲೆ. ಜಾತ್ರೆ ಲೆಕ್ಕಕ್ಕೆ ಆ ಕೂದಲು ಸೀಳೋದು ಬೇಡ. ಆದರೆ ಫೋನನ್ನು ಬೋರಲು ಹಾಕಿಯೂ ಒಮ್ಮೆ ನೋಡಿ. ಅಂಗಾತ 9.90, ಬೋರಲು ಮೈನಸ್ 9.66 ಬಂದರೆ ನಿಮ್ಮ ಸೆನ್ಸರ್ ಆ ದಿಕ್ಕಿನಲ್ಲಿ 0.12 ಜಾಸ್ತಿ ಹೇಳುತ್ತಿದೆ ಅಂತ ಅರ್ಥ. ಬರೆದಿಟ್ಟುಕೊಳ್ಳಿ.

ಆಮೇಲೆ ಫೋನನ್ನು ಅರ್ಧ ಮೀಟರ್ ಎತ್ತರದಿಂದ ದಪ್ಪ ಹಾಸಿಗೆ ಮೇಲೆ ಬೀಳಿಸಿ. ಸೆಕೆಂಡಿನ ಮೂರನೇ ಒಂದು ಭಾಗದಷ್ಟು ಹೊತ್ತು ಅಂಕಿ ಸೊನ್ನೆಯ ಹತ್ತಿರ ಹೋಗುತ್ತೆ. ಬೀಳುವಾಗ ಯಾರೂ ಒತ್ತುತ್ತಿಲ್ಲ, ಅದಕ್ಕೇ ಸೊನ್ನೆ. ಈ ಸೊನ್ನೆಯನ್ನು ನೆನಪಿಡಿ, ಮುಂದೆ ಕೆಲಸಕ್ಕೆ ಬರುತ್ತೆ.

ಮೂರನೆಯದು ನನ್ನ ಇಷ್ಟದ್ದು, ಲಿಫ್ಟು. ಫೋನನ್ನು ಲಿಫ್ಟಿನ ನೆಲದ ಮೇಲೆ ಇಟ್ಟು ಮೇಲಕ್ಕೆ ಹೋಗಿ. ಹೊರಡುವಾಗ ಗೆರೆ ಉಬ್ಬುತ್ತೆ, ಮೋಟಾರಿನ ವೇಗ ಹತೋಟಿ ಮಾಡೋ ಡ್ರೈವ್ ಒಳ್ಳೆಯದಿದ್ದರೆ 10.3ರಿಂದ 10.8ರ ಒಳಗೆ. ನಿಲ್ಲುವಾಗ ಅಷ್ಟೇ ತಗ್ಗುತ್ತೆ. ನಡುವೆ, ಮಹಡಿಗಳು ಸರಸರ ದಾಟುತ್ತಿದ್ದರೂ, ಗೆರೆ ಮತ್ತೆ 9.8ಕ್ಕೇ. ವೇಗ ಎಷ್ಟಿದ್ದರೂ ಮೈಗೆ ಗೊತ್ತಾಗಲ್ಲ, ಬದಲಾದರೆ ಮಾತ್ರ ಗೊತ್ತಾಗುತ್ತೆ. ಹಳೇ ಎರಡು ಸ್ಪೀಡಿನ ಲಿಫ್ಟ್ ಸಿಕ್ಕಿದರೆ ಬಿಡಬೇಡಿ, ನಿಲ್ಲೋ ಮುಂಚೆ ಸ್ಪೀಡ್ ಇಳಿಸೋ ಧಕ್ಕೆ ಗ್ರಾಫಿನಲ್ಲಿ ಎದ್ದು ಕಾಣುತ್ತೆ.

ಈಗ ರೈಡಿಗೆ. ಫೋನು ಕೈಯಲ್ಲಿ ಇರಲೇಬಾರದು, ಅಂಗಿ ಜೇಬಲ್ಲೂ ಬೇಡ. ಕೈ ತಪ್ಪಿದರೆ ಕೆಳಗೆ ನಿಂತವರ ತಲೆ ಒಡೆಯುತ್ತೆ. ಪೌಚನ್ನು ಸೊಂಟಕ್ಕೆ ಬಿಗಿಯಾಗಿ ಕಟ್ಟಿ, ಒಳಗೆ ಕರ್ಚೀಫ್ ತುರುಕಿ ಅಲುಗಾಡದಂತೆ ಮಾಡಿ, ಜಿಪ್ ಹಾಕಿ. ಆ್ಯಪಿನ ಮೆನುವಿನಲ್ಲಿ 'ಟೈಮ್ಡ್ ರನ್' ಇದೆ. ಎಷ್ಟು ಹೊತ್ತು ಬಿಟ್ಟು ಶುರುವಾಗಬೇಕು, ಎಷ್ಟು ಹೊತ್ತು ನಡೆಯಬೇಕು ಅಂತ ಹಾಕಿಬಿಟ್ಟರೆ ಕೂತಮೇಲೆ ಫೋನು ಮುಟ್ಟೋ ಕೆಲಸವಿಲ್ಲ. ಹತ್ತೋ ಮೊದಲು ಆಪರೇಟರನ್ನು ಕೇಳಿ. ಸಂಜೆ ಜನ ನುಗ್ಗಿರುವಾಗ ಕೇಳಿದರೆ ಬೈಸಿಕೊಳ್ತೀರಿ. ಗೇಟು ತೆಗೆದ ಹೊಸತರಲ್ಲಿ, ವಾರದ ದಿನ ಹೋಗಿ "ಅಣ್ಣಾ, ಕಾಲೇಜು ಪ್ರಾಜೆಕ್ಟು" ಅಂದರೆ ಅವರೇ ಒಳ್ಳೆ ಸೀಟು ತೋರಿಸ್ತಾರೆ. ಬೇಡ ಅಂದರೆ ಬೇಡ, ಮಾತು ಬೆಳೆಸಬೇಡಿ. ಸೀಟಿನ ಅಡ್ಡಪಟ್ಟಿ ಲಾಕ್ ಆಗಿದೆಯಾ ಅಂತ ಕೈಯಲ್ಲಿ ಎಳೆದು ನೋಡೋದು ನನ್ನ ವೃತ್ತಿ ಅಭ್ಯಾಸ, ನೀವೂ ಮಾಡಿ.

ಜೈಂಟ್ ವೀಲ್‌ನಿಂದ ಶುರು ಮಾಡಿ, ನಿರಾಸೆಯಾಗುತ್ತೆ. ಹತ್ತು ಮೀಟರ್ ತ್ರಿಜ್ಯದ ಚಕ್ರ ಇಪ್ಪತ್ತು ಸೆಕೆಂಡಿಗೆ ಒಂದು ಸುತ್ತು ಹಾಕಿದರೆ ಕೆಳಗೆ 1.1 ಜಿ, ತುದಿಯಲ್ಲಿ 0.9 ಜಿ. ಲಿಫ್ಟಿನಷ್ಟೇ! ಅಷ್ಟಕ್ಕೇ ಕಿರುಚೋರು ಎತ್ತರಕ್ಕೆ ಹೆದರಿ ಕಿರುಚ್ತಾರೆ, ಬಲಕ್ಕಲ್ಲ.

ನಿಜವಾದ ಮಜಾ ಕೊಲಂಬಸ್. ಅದು ದೊಡ್ಡ ಉಯ್ಯಾಲೆ. ಕೆಳಗಿರೋ ತಿರುಗುವ ಟೈರು ದೋಣಿಯ ತಳವನ್ನು ಉಜ್ಜಿ ಉಜ್ಜಿ ತಳ್ಳುತ್ತೆ, ನಿಲ್ಲಿಸೋದೂ ಅದೇ. ಮಧ್ಯದ ಸೀಟಿನಲ್ಲಿ ಕೂತರೆ ಲೆಕ್ಕ ಸುಲಭ: ದೋಣಿ ತಳದಿಂದ ಎಷ್ಟು ಕೋನಕ್ಕೆ ಏರುತ್ತೋ ಅದರ ಕೊಸೈನ್ ತಗೊಳ್ಳಿ, ಎರಡರಿಂದ ಗುಣಿಸಿ, ಮೂರರಿಂದ ಕಳೆಯಿರಿ. ತಳದಲ್ಲಿ ಬರೋ ಜಿ ಅದೇ. 60 ಡಿಗ್ರಿಗೆ 2 ಜಿ, 90 ಡಿಗ್ರಿಗೆ 3 ಜಿ. ಸೂತ್ರದಲ್ಲಿ ದೋಣಿ ತೂಗೋ ಕಂಬದ ಉದ್ದವೇ ಇಲ್ಲ, ಗಮನಿಸಿ. ಊರ ಜಾತ್ರೆಯ ಪುಟ್ಟ ದೋಣಿಯೂ ಪಾರ್ಕಿನ ದೊಡ್ಡ ದೋಣಿಯೂ ಒಂದೇ ಕೋನಕ್ಕೆ ಏರಿದರೆ ಹೆಚ್ಚುಕಡಿಮೆ ಒಂದೇ ಜಿ. ಲೆಕ್ಕವನ್ನು ತಿರುಗಿಸಲೂಬಹುದು. ಫೋನು 1.8 ತೋರಿಸಿದರೆ ಕೊಸೈನ್ 0.6, ಅಂದರೆ ದೋಣಿ ಸುಮಾರು 53 ಡಿಗ್ರಿಗೆ ಏರಿದೆ. ಕೆಳಗೆ ನಿಂತ ಗೆಳೆಯರಿಂದ ನೇರ ಪಕ್ಕದಿಂದ ವಿಡಿಯೋ ತೆಗೆಸಿ ತಾಳೆ ನೋಡಿ.

ಈಗ ತುದಿಯ ಸೀಟಿಗೆ ಹೋಗಿ. ಹುಡುಗರು ಓಡಿ ಹಿಡಿಯೋ ಸೀಟದು. ಅಲ್ಲಿ ಜಿ ಜಾಸ್ತಿ ಇರುತ್ತೆ ಅಂದುಕೊಂಡಿದ್ದರೆ ಗ್ರಾಫ್ ನೋಡಿ ತಬ್ಬಿಬ್ಬಾಗ್ತೀರಿ, ಗರಿಷ್ಠ ಅಂಕಿ ಮಧ್ಯದ ಸೀಟಿಗಿಂತ ಒಂದು ಚೂರು ಕಮ್ಮಿಯೇ. ವ್ಯತ್ಯಾಸ ಇರೋದು ತಗ್ಗಿನಲ್ಲಿ. ದೋಣಿ 60 ಡಿಗ್ರಿಗೆ ಏರಿ ಒಂದು ಕ್ಷಣ ನಿಂತಾಗ ಮಧ್ಯದವರಿಗೆ ಅರ್ಧ ಜಿ ಉಳಿದಿರುತ್ತೆ. ನಡುವಿನಿಂದ 25 ಡಿಗ್ರಿ ಆಚೆ ಕೂತ ತುದಿಯವರು ಆ ಹೊತ್ತಿಗೆ 85 ಡಿಗ್ರಿಗೆ ತಲುಪಿರ್ತಾರೆ. ಅವರಿಗೆ ಉಳಿಯೋದು 0.2ಕ್ಕಿಂತ ಕಮ್ಮಿ. ಹಾಸಿಗೆಗೆ ಬಿದ್ದ ಫೋನಿನ ಸ್ಥಿತಿಗೆ ಹತ್ತಿರ. ಅದೇ ಕ್ಷಣದಲ್ಲಿ ಎದುರು ತುದಿಯವರಿಗೆ 0.87 ಇರುತ್ತೆ, ಆರಾಮಾಗಿ ನಗುತ್ತಿರ್ತಾರೆ. ಅದಕ್ಕೇ ನಾನು ಹೇಳೋದು: ಗ್ರಾಫಿನಲ್ಲಿ ಗೋಪುರ ಹುಡುಕಬೇಡಿ, ಹಳ್ಳ ಹುಡುಕಿ. ಎರಡು ಜಿಗೆ ಮೈ ಭಾರ ಅನ್ನಿಸುತ್ತೆ ಅಷ್ಟೇ. ಹೊಟ್ಟೆ ಝಲ್ ಅನ್ನೋದು ಒಂದಕ್ಕಿಂತ ಕೆಳಗೆ ಇಳಿದಾಗ. ಯಾವ ರೈಡ್ ಜೋರು ಅಂತ ಸ್ನೇಹಿತರಲ್ಲಿ ವಾದ ಬಂದರೆ ಕನಿಷ್ಠ ಅಂಕಿ ಎಷ್ಟು, ಅದು ಎಷ್ಟು ಹೊತ್ತು ಇತ್ತು ಅಂತ ಹೋಲಿಸಿ.

ಗ್ರಾಫ್ ಓದುವಾಗ 'ಅಬ್ಸೊಲ್ಯೂಟ್' ಅನ್ನೋ ಟ್ಯಾಬ್ ನೋಡಿ. ಮೂರೂ ದಿಕ್ಕು ಕೂಡಿಸಿದ ಒಟ್ಟು ಬಲ ಅದು, ಪೌಚಿನಲ್ಲಿ ಫೋನು ಓರೆಯಾಗಿದ್ದರೂ ಕೆಡಲ್ಲ. ಟೈರಿನ ನಡುಕದಿಂದ ಗೆರೆ ಪೊರಕೆ ಕಡ್ಡಿಗಳ ಹಾಗೆ ಕೆದರಿರುತ್ತೆ. ಅದರಲ್ಲಿ ಅತಿ ಎತ್ತರದ ಕಡ್ಡಿ ಹಿಡಿದು "ನಾಲ್ಕು ಜಿ!" ಅಂತ ಸ್ಟೇಟಸ್ ಹಾಕಬೇಡಿ, ಅದು ಕಬ್ಬಿಣದ ಗಡಗಡ. ಡೇಟಾ ಎಕ್ಸ್‌ಪೋರ್ಟ್ ಮಾಡಿ ಎಕ್ಸೆಲ್‌ಗೆ ಹಾಕಿ, ಸೆಕೆಂಡಿನ ಮೂರನೇ ಒಂದು ಭಾಗದಷ್ಟು ಸಾಲುಗಳ ಸರಾಸರಿ ಉದ್ದಕ್ಕೂ ತೆಗೆದರೆ ಮೈಗೆ ತಾಗಿದ ಬಲ ಉಳಿಯುತ್ತೆ. ಗೆರೆ 19.6ರಲ್ಲೋ 39.2ರಲ್ಲೋ ಚಾಕುವಲ್ಲಿ ಕೊಯ್ದಂತೆ ಚಪ್ಪಟೆಯಾಗಿದ್ದರೆ ಸೆನ್ಸರಿನ ಮಿತಿ ಮುಟ್ಟಿದೆ, ಆ ಅಂಕಿ ನಂಬಬೇಡಿ.

ಚೈನಿನಲ್ಲಿ ನೇತಾಡಿ ಸುತ್ತೋ ಉಯ್ಯಾಲೆಗೆ ಫೋನೇ ಬೇಡ. ಚೈನು ನೇರಕ್ಕಿಂತ 45 ಡಿಗ್ರಿ ವಾಲಿದರೆ ಕೂತವರಿಗೆ 1.4 ಜಿ. ಖಾಲಿ ಸೀಟೂ ದಪ್ಪ ಆಸಾಮಿಯ ಸೀಟೂ ಒಂದೇ ಕೋನಕ್ಕೆ ವಾಲಿರುತ್ತವೆ, ನಿಂತು ನೋಡಿ.

ದೊಡ್ಡ ಪಾರ್ಕುಗಳ ಜೋರು ರೈಡಿಗೆ ಫೋನು ಬಿಡದಿದ್ದರೆ ಹಟ ಮಾಡಬೇಡಿ, ಅವರು ಮಾಡೋದೇ ಸರಿ. ರೋಲರ್ ಕೋಸ್ಟರಿನ ಲೂಪ್ ಮಾತ್ರ ಹೊರಗಿನಿಂದ ಗಮನಿಸಿ, ಅದು ದುಂಡಗಿರಲ್ಲ, ನೀರಿನ ಹನಿಯ ಆಕಾರ. ಅಮೆರಿಕದ ಕೋನಿ ಐಲೆಂಡ್‌ನಲ್ಲಿ 1895ರಲ್ಲಿ ದುಂಡು ಲೂಪ್ ಕಟ್ಟಿದ್ದರು, ಕತ್ತು ಉಳುಕುತ್ತಿತ್ತು. ದುಂಡು ಲೂಪಿನಲ್ಲಿ ತಲೆಕೆಳಗಾದಾಗಿನ ಬಲಕ್ಕೂ ತಳದ ಬಲಕ್ಕೂ 6 ಜಿ ವ್ಯತ್ಯಾಸ, ಏನು ಮಾಡಿದರೂ ತಪ್ಪಲ್ಲ. ಜರ್ಮನಿಯ ವೆರ್ನರ್ ಸ್ಟೆಂಗೆಲ್ ಹನಿಯಾಕಾರದ ಲೆಕ್ಕ ಹಾಕಿಕೊಟ್ಟ ಮೇಲೆ, 1976ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಲೂಪ್ ಮತ್ತೆ ಬಂತು.

ಫೋನು ಒಯ್ಯಲು ಭಯ ಇದ್ದರೆ ಹಾರ್ಡ್‌ವೇರ್ ಅಂಗಡಿ ಸಾಮಾನಿನಲ್ಲೇ ಮಾಪಕ ಮಾಡಬಹುದು. ಪಾರದರ್ಶಕ ಪ್ಲಾಸ್ಟಿಕ್ ಕೊಳವೆ, ತೆಳು ರಬ್ಬರ್ ಬ್ಯಾಂಡ್, ಒಂದೇ ಅಳತೆಯ ಮೂರು ನಟ್ಟು. ರಬ್ಬರನ್ನು ಮೇಲಿನ ಮುಚ್ಚಳಕ್ಕೆ ಕಟ್ಟಿ, ಒಂದು ನಟ್ಟು ತೂಗಿದಾಗ ನಿಂತ ಜಾಗಕ್ಕೆ 1, ಎರಡು ತೂಗಿದಾಗ 2, ಮೂರಕ್ಕೆ 3 ಅಂತ ಗುರುತು ಹಾಕಿ. ರಬ್ಬರ್ ಸಮನಾಗಿ ಎಳೆಯಲ್ಲ, ಆದ್ದರಿಂದ ಸ್ಕೇಲಿನಲ್ಲಿ ಅಂದಾಜು ಮಾಡದೆ ಪ್ರತಿ ಗುರುತೂ ತೂಗಿಯೇ ಹಾಕಿ. ಕೊನೆಗೆ ಒಂದೇ ನಟ್ಟು ಬಿಟ್ಟು, ಎರಡೂ ಬಾಯಿಗೆ ಟೇಪ್ ಸುತ್ತಿ, ದಾರದಿಂದ ಮಣಿಕಟ್ಟಿಗೆ ಕಟ್ಟಿಕೊಳ್ಳಿ. ಇದನ್ನೂ ಆಪರೇಟರಿಗೆ ತೋರಿಸಿಯೇ ಹತ್ತಬೇಕು. ನಟ್ಟು 1ರ ಗೆರೆ ದಾಟಿ ಮೇಲಕ್ಕೆ ಜಿಗಿದಾಗ ಪಕ್ಕದವರಿಗೆ ಕೂಗಿ ಹೇಳಿ, ಅವರಿಗೂ ಹೊಟ್ಟೆ ಆಗಲೇ ಝಲ್ ಅಂದಿರುತ್ತೆ.

ಪ್ರತಿ ಫೈಲಿಗೂ ರೈಡ್ ಹೆಸರು, ಯಾವ ಸಾಲು, ತುದಿಯೋ ಮಧ್ಯವೋ, ದೋಣಿ ತುಂಬಿತ್ತೋ ಖಾಲಿಯೋ ಅಂತ ಅಲ್ಲೇ ಬರೆದಿಡಿ. ಬ್ರೇಕ್ ಡ್ಯಾನ್ಸ್ ಅನ್ನೋ ರೈಡಿಗೆ ಇನ್ನೂ ಹೋಗಬೇಡಿ. ದೊಡ್ಡ ತಟ್ಟೆ ಒಂದು ಲಯದಲ್ಲಿ, ಕೂತ ಬುಟ್ಟಿ ಇನ್ನೊಂದು ಲಯದಲ್ಲಿ ಸುತ್ತಿ ಗ್ರಾಫ್ ಕಲಸುಮೇಲೋಗರ ಆಗುತ್ತೆ. ಕೊಲಂಬಸ್‌ನ ಗೆರೆ ಓದೋದು ರೂಢಿಯಾದ ಮೇಲೆ ಅದಕ್ಕೆ ಕೈ ಹಾಕಿ.