ಗದ್ದೆಯ ತಲೆಯ ಜೌಗಿಗೆ ಮತ್ತೆ ನೀರು ನಿಲ್ಲಿಸಿದ್ದು

ಕೊಡಗಿನ ಪೊನ್ನಂಪೇಟೆ ಕಡೆ ನಮ್ಮ ತೋಟ. ಗದ್ದೆಯ ಮೇಲ್ತುದಿಯಲ್ಲಿ, ಎರಡು ಬಾಣೆ (ಗದ್ದೆಯ ಮೇಲಿನ ಮರಗಳಿರುವ ಏರುನೆಲ) ಕೂಡುವ ಕಡೆ, ಅರ್ಧ ಎಕರೆ ಜೌಗು ಇತ್ತು. ಕಾಲಿಟ್ಟರೆ ಮೊಣಕಾಲವರೆಗೆ ಹೂತುಹೋಗುತ್ತಿತ್ತು. ಕೇದಗೆ, ಕೆಸು ಬಿಟ್ಟರೆ ಏನೂ ಬೆಳೆಯದ ಜಾಗ ಅಂತ 2014ರಲ್ಲಿ ನಡುವೆ ಆಳದ ಚರಂಡಿ ತೋಡಿಸಿ ಅಡಿಕೆ ಹಾಕಿದೆ. ನೀರೇನೋ ಚೆನ್ನಾಗಿ ಇಳಿಯಿತು. ಆದರೆ 2018ರ ಬೇಸಿಗೆಯಲ್ಲಿ ಕೆಳಗಿನ ಕೊಲ್ಲಿ, ಅಂದರೆ ಸಣ್ಣ ತೊರೆ, ಫೆಬ್ರುವರಿಗೇ ನಿಂತುಹೋಯಿತು. ಮೊದಲು ಏಪ್ರಿಲ್‌ವರೆಗೂ ಸಣ್ಣಗೆ ಹರಿಯುತ್ತಿತ್ತು. ಕಾಫಿ ಹೂ ಅರಳಲಿ ಅಂತ ನೀರು ಕೊಡುವ ಹೊತ್ತಿಗೆ ಕೆರೆಯಲ್ಲಿ ಬರೀ ಕೆಸರು.

ದೊಡ್ಡಪ್ಪನ ಹತ್ತಿರ ಹೇಳಿಕೊಂಡೆ. "ನೀರಿಗೆ ಓಡೋಕೆ ದಾರಿ ಮಾಡಿಕೊಟ್ಟವನು ನೀನೇ ಅಲ್ವಾ ಮಗ?" ಅಂದರು.

ಮರುದಿನ ಚರಂಡಿಗೆ ಇಳಿದು ಗೋಡೆ ಕೆರೆದು ನೋಡಿದೆ. ಮೇಲಿನ ಮಣ್ಣು ಒಣಗಿ ಕಾಫಿಪುಡಿಯ ಹಾಗೆ ಉದುರಿತು. ಎರಡಡಿ ಕೆಳಗಿನದು ಕಪ್ಪಗೆ, ಜಿಡ್ಡಾಗಿ, ಕೊಳೆತ ಮೊಟ್ಟೆಯ ವಾಸನೆ ಬರುತ್ತಿತ್ತು. ಒಂದು ಹಿಡಿ ಹಿಂಡಿದೆ, ಬೆರಳ ಸಂದಿಯಿಂದ ನೀರು ಇಳಿಯಿತು. ಕೈಯಲ್ಲಿ ಉಳಿದದ್ದು ಕೇದಗೆ ಎಲೆಯ ನಾರು. ಎಷ್ಟು ವರ್ಷ ಹಳೆಯದೋ, ಇನ್ನೂ ನಾರಾಗಿಯೇ ಇತ್ತು.

ನೀರು ನಿಂತಲ್ಲಿ ಗಾಳಿ ಆಡುವುದಿಲ್ಲ. ಹಾಗಾಗಿ ಬಿದ್ದ ಎಲೆ, ಬೇರು ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂರುತ್ತವೆ. ತಂಪು ದೇಶಗಳಲ್ಲಿ ಇದು ದಪ್ಪವಾಗಿ ಬೆಳೆದರೆ ಪೀಟ್ ಅನ್ನುತ್ತಾರೆ. ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆದರೆ ಜಾಸ್ತಿ. ನೀಲಗಿರಿಯ ಮೇಲೂ ಅಂಥ ಪೀಟ್ ಇದೆ, ಅದರ ತಳದ ಪದರಗಳು ಸಾವಿರಾರು ವರ್ಷ ಹಳೆಯವು. ನಮ್ಮದು ಅಷ್ಟು ದಪ್ಪದ್ದಲ್ಲ, ಆದರೆ ಕೆಲಸ ಅದೇ. ನೀರು ಇಳಿಸಿದ ಕೂಡಲೇ ಗಾಳಿ ಹೊಕ್ಕು ಅದು ಕೊಳೆಯುತ್ತದೆ, ನೆಲ ತಗ್ಗುತ್ತದೆ. ನಮ್ಮ ಅಡಿಕೆ ಗಿಡಗಳ ಬೇರು ಮೇಲೆ ಕಾಣಿಸಿಕೊಂಡದ್ದು ಯಾಕೆ ಅಂತ ಆಗ ಗೊತ್ತಾಯಿತು.

ಗಂಗೆಗೆ ಬೇಸಿಗೆಯಲ್ಲಿ ಗೋಮುಖದ ಹಿಮ ಕರಗಿ ನೀರು ಬರುತ್ತದೆ. ನಮ್ಮ ಕೊಲ್ಲಿ ಸೇರುವ ಲಕ್ಷ್ಮಣತೀರ್ಥ ಹೊಳೆಗೆ ಆ ಆಸರೆ ಇಲ್ಲ. ಮಳೆಗಾಲದ ನೀರನ್ನು ಶೋಲಾ ಕಾಡು (ಬೆಟ್ಟದ ಕಣಿವೆಗಳ ದಟ್ಟ ಕಾಡು), ಹುಲ್ಲುಗುಡ್ಡ, ಇಂಥ ಜೌಗು ಹಿಡಿದಿಟ್ಟು ಬಿಟ್ಟರೆ ಮಾತ್ರ ಬೇಸಿಗೆಯಲ್ಲಿ ಹರಿವು.

2018ರ ಮೇ ತಿಂಗಳಲ್ಲಿ ಚರಂಡಿಯ ಬಾಯಿಗೆ ಮಣ್ಣಿನ ಚೀಲ ಪೇರಿಸಿ ಒಂದೇ ದೊಡ್ಡ ಕಟ್ಟೆ ಹಾಕಿದೆ. ಆ ಆಗಸ್ಟ್‌ನ ಭಾರಿ ಮಳೆಯ ಬಗ್ಗೆ ಕೊಡಗಿನವರಿಗೆ ಹೇಳಬೇಕಾಗಿಲ್ಲ. ನೀರು ಚೀಲಗಳನ್ನು ಮುಟ್ಟಲೇ ಇಲ್ಲ, ಪಕ್ಕದ ದಂಡೆ ಕೊರೆದುಕೊಂಡು ಹೋಯಿತು.

2019ರ ಜನವರಿಯಲ್ಲಿ ಬೇರೆ ರೀತಿ ಮಾಡಿದೆವು. ಉದ್ದಕ್ಕೂ ಏಳು ಸಣ್ಣ ಕಟ್ಟೆ. ಕೆಳಗಿನ ಕಟ್ಟೆಯ ನೀರು ಮೇಲಿನ ಕಟ್ಟೆಯ ಬುಡ ಮುಟ್ಟಬೇಕು, ಅಷ್ಟು ಹತ್ತಿರ. ಎರಡೂ ದಂಡೆಯೊಳಗೆ ಎರಡಡಿ ಕೊರೆದು, ಬಿದಿರು ಗೂಟ ಎರಡು ಸಾಲು ಹೊಡೆದು, ನಡುವೆ ಅಲ್ಲಿಯದೇ ಕರಿ ಕೆಸರು ತುಂಬಿ ತುಳಿದೆವು. ಬಾಣೆಯ ಕೆಂಪು ಮಣ್ಣು ಹಾಕಲಿಲ್ಲ, ಅದು ಕರಗಿ ಹೋಗುತ್ತದೆ. ಕಟ್ಟೆಯ ತಲೆ ಅಕ್ಕಪಕ್ಕದ ನೆಲಕ್ಕಿಂತ ಒಂದು ಗೇಣು ಎತ್ತರ ಇಟ್ಟೆವು. ಹಾಗಿದ್ದರೆ ನೀರು ಕಟ್ಟೆ ಹಾರದೆ ಜೌಗಿನ ಮೇಲೆ ಹರಡಿಕೊಳ್ಳುತ್ತದೆ.

ತೂತು ಕೊರೆದ ಪಿವಿಸಿ ಪೈಪ್ ಒಂದನ್ನು ನೆಲಕ್ಕೆ ಇಳಿಸಿದ್ದೇನೆ. ವಾರಕ್ಕೊಮ್ಮೆ ಕೋಲು ಬಿಟ್ಟು ನೀರಿನ ಮಟ್ಟ ನೋಡುತ್ತೇನೆ. 2019ರ ಮಾರ್ಚ್‌ನಲ್ಲಿ ನಾಲ್ಕಡಿ ಕೆಳಗಿತ್ತು, 2022ರ ಮಾರ್ಚ್‌ನಲ್ಲಿ ಒಂದೂಕಾಲು ಅಡಿ. ಅಡಿಕೆ ಹೋಯಿತು, ಕೇದಗೆ ತಾನಾಗಿ ಚಿಗುರಿತು. ಏಡಿ ಬಿಲಗಳು ಬಂದಿವೆ. ಕೊಲ್ಲಿ ಈಗ ಮಾರ್ಚ್ ಕೊನೆವರೆಗೆ ಹರಿಯುತ್ತದೆ, ಏಪ್ರಿಲ್ ಇನ್ನೂ ಮುಟ್ಟಿಲ್ಲ.

ಮೂರನೇ ಕಟ್ಟೆ ಎಡ ದಂಡೆಯಲ್ಲಿ ಸೋರುತ್ತಿದೆ. ಜೂನ್ ಮಳೆಗೆ ಮುಂಚೆ ಅದನ್ನು ಬಿಚ್ಚಿ ಮತ್ತೆ ತುಳಿಯಬೇಕು.