ಪದಬಂಧದಲ್ಲಿ ಸಿಕ್ಕಿಕೊಂಡಿರಾ? ಖಾಲಿ ಮನೆ ತುಂಬುವ ಬಗೆ

ಪತ್ರಿಕೆಯ ಪದಬಂಧ ಅರ್ಧ ತುಂಬಿ ಅಲ್ಲಿಗೇ ನಿಂತುಬಿಟ್ಟರೆ ಹೆಚ್ಚಿನವರು ಮರುದಿನದ ಉತ್ತರಕ್ಕೆ ಕಾಯುತ್ತಾರೆ, ಇಲ್ಲವೇ ಸುಳಿವನ್ನು ಹಾಗೆಯೇ ಮೊಬೈಲಿಗೆ ಹಾಕಿ ಹುಡುಕುತ್ತಾರೆ. ಇವೆರಡಕ್ಕೂ ಮೊದಲು ಮಾಡಬಹುದಾದ ಕೆಲಸ ಬಹಳ ಇದೆ. ಕನ್ನಡ ಪದಬಂಧ ನಿಂತಿರುವುದೇ ಅಕ್ಷರದ ಲೆಕ್ಕದ ಮೇಲೆ. ಆ ಲೆಕ್ಕ ಕೈಗೆ ಬಂದ ಮೇಲೆ ಕೇಳುವ ನೆರವು ಫಲಿಸುತ್ತದೆ. ಅದಿಲ್ಲದೆ ನಿಘಂಟು ಎದುರಿಗಿದ್ದರೂ ಪದ ಸಿಗುವುದಿಲ್ಲ.

ಮೊದಲು ಎಣಿಕೆ

ಒಂದು ಮನೆಗೆ ಒಂದು ಅಕ್ಷರ. ಕಾಗುಣಿತ, ಒತ್ತು, ಅನುಸ್ವಾರ, ವಿಸರ್ಗ ಎಲ್ಲವೂ ಅದೇ ಮನೆಯೊಳಗೆ. ‘ಸಂಸ್ಕೃತಿ’ಗೆ ಮೂರು ಮನೆ: ಸಂ, ಸ್ಕೃ, ತಿ. ‘ಅಂತಃಪುರ’ಕ್ಕೆ ನಾಲ್ಕು. ಹೊಸಬರು ಹೆಚ್ಚಾಗಿ ಎಡವುವುದು ಅರ್ಕಾವೊತ್ತಿನಲ್ಲಿ. ‘ವರ್ಷ’ ಎಂದರೆ ವ, ರ್ಷ; ‘ವರ್’ ಒಂದು ಮನೆ, ‘ಷ’ ಇನ್ನೊಂದು ಎಂದು ಬರೆದರೆ ಮನೆಗಳ ಸಂಖ್ಯೆ ಸರಿಹೋದರೂ ಅಡ್ಡ ಹಾಯುವ ಪದಗಳು ಕೆಡುತ್ತವೆ. ‘ಕರ್ನಾಟಕ’ವೂ ಹಾಗೆಯೇ: ಕ, ರ್ನಾ, ಟ, ಕ. ‘ಬಸ್’, ‘ಡಾಕ್ಟರ್’ನಂಥ ಪದಗಳ ಕೊನೆಯ ಅರ್ಧಾಕ್ಷರಕ್ಕೆ ಸಾಮಾನ್ಯವಾಗಿ ಪ್ರತ್ಯೇಕ ಮನೆ ಇರುತ್ತದೆ.

ಸುಳಿವಿನ ಮುಂದಿನ ಸಂಖ್ಯೆಗೆ ಪದ ಹೊಂದದಿದ್ದರೆ ಪದವನ್ನೇ ಬಿಡಬೇಡಿ, ಅದರ ಇನ್ನೊಂದು ರೂಪ ನೆನಪಿಸಿಕೊಳ್ಳಿ. ವರ್ಷ ಎರಡು, ವರುಷ ಮೂರು. ಲಕ್ಷ್ಮಿ ಎರಡು, ಲಕುಮಿ ಮೂರು. ಚಂದ್ರ ಎರಡು, ಚಂದಿರ ಮೂರು. ಸ್ವರ್ಗ, ಸಗ್ಗ ಎರಡೂ ಎರಡೇ ಅಕ್ಷರ; ಅಲ್ಲಿ ತೀರ್ಮಾನ ಅಡ್ಡ ಹಾಯುವ ಪದದ್ದು.

ಮನೆಯ ಜಾಗ ಏನು ಹೇಳುತ್ತದೆ

ಬಹಳ ಮಂದಿ ಬಳಸದೆ ಬಿಡುವ ನೆರವು ಇದು. ಯಾವ ನಿಘಂಟೂ ಬೇಡ, ಚೌಕವನ್ನು ನೋಡಿದರೆ ಸಾಕು.

ಅ, ಆ, ಇ, ಈ ಮುಂತಾದ ಸ್ವರಗಳು ಕನ್ನಡ ಪದದ ಆರಂಭದಲ್ಲಿ ಬರುತ್ತವೆ. ನಡುವೆ ಅಥವಾ ಕೊನೆಯಲ್ಲಿ ಬರುವುದು ತೀರಾ ಅಪರೂಪ. ಆದ್ದರಿಂದ ಎಡದಿಂದ ಬಲಕ್ಕೆ ಹೋಗುವ ಪದದ ಮೊದಲ ಮನೆ ಮೇಲಿನಿಂದ ಕೆಳಕ್ಕೆ ಹೋಗುವ ಪದದ ನಡುವೆ ಬಿದ್ದಿದ್ದರೆ, ಆ ಪದ ಸ್ವರದಿಂದ ಶುರುವಾಗುವುದಿಲ್ಲ ಎಂದೇ ಹಿಡಿಯಬಹುದು. ಸುಳಿವು ‘ಕಮಲ (3)’ ಎಂದಿದ್ದರೆ ಅಂಬುಜ ಹೊರಗೆ. ‘ಚಂದ್ರ (2)’ ಎಂದಿದ್ದರೆ ಇಂದು ಹೊರಗೆ; ಶಶಿ, ಸೋಮ ಉಳಿದವು.

ಇದನ್ನೇ ತಿರುಗಿಸಿ ನೋಡಿ. ಎಡದಿಂದ ಬಲಕ್ಕೆ ಹೋಗುವ ಪದದ ನಡುವಿನ ಮನೆಯ ಮೂಲೆಯಲ್ಲಿ ಅಂಕಿ ಇದ್ದರೆ ಅಲ್ಲಿಂದ ಇನ್ನೊಂದು ಪದ ಕೆಳಕ್ಕೆ ಹೊರಡುತ್ತದೆ. ಪದದ ಮೊದಲಿಗೆ ಬರಲಾರದ ಅಕ್ಷರ ಅಲ್ಲಿ ಕೂರುವಂತಿಲ್ಲ. ರ್ನ, ರ್ಷ, ಣ್ಣ, ಕ್ಕ, ಲ್ಲ ಆಗದು. ಣ, ಳ ಕೂಡ ಬಹುತೇಕ ಆಗದು. ಬಸ್ಸಿನ ‘ಸ್’ನಂಥ ಅರ್ಧಾಕ್ಷರದ ಮನೆ ಅಡ್ಡ ಹಾಯುವ ಪದಕ್ಕೂ ಕೊನೆಯ ಮನೆಯೇ ಆಗಿರಬೇಕು. ಈ ಎರಡು ಪರೀಕ್ಷೆಗಳಿಂದಲೇ ಅನುಮಾನದ ಪದಗಳ ಪಟ್ಟಿ ಚಿಕ್ಕದಾಗುತ್ತದೆ.

ಸುಳಿವು ಯಾವ ಜಾತಿಯದು

ಗಾದೆಯ ಬಿಟ್ಟ ಸ್ಥಳ ತುಂಬುವಂಥವನ್ನು ಮೊದಲು ಮುಗಿಸಿ. ‘ಕುಂಬಾರನಿಗೆ ವರುಷ, ___ಗೆ ನಿಮಿಷ (2)’: ದೊಣ್ಣೆ. ಇಲ್ಲಿ ಅನುಮಾನಕ್ಕೆ ಜಾಗವಿಲ್ಲ, ಎರಡು ಅಕ್ಷರ ಗಟ್ಟಿಯಾಗಿ ಕೂತವು. ಪೆನ್ ಹಿಡಿಯಬಹುದಾದ ಜಾಗ ಇದು. ಉಳಿದ ಕಡೆ ಪೆನ್ಸಿಲ್ ಒಳ್ಳೆಯದು.

‘ತಿರುಗಿದ’, ‘ಉಲ್ಟಾ’, ‘ಹಿಂದುಮುಂದಾದ’ ಎಂದಿದ್ದರೆ ಅಕ್ಷರಗಳನ್ನು ಹಿಂದಿನಿಂದ ಓದಬೇಕು. ಅಕ್ಷರ ಇಡಿಯಾಗಿ ತಿರುಗುತ್ತದೆ, ಅದರ ಗುಣಿತ ಅದರೊಂದಿಗೇ ಹೋಗುತ್ತದೆ. ಕಪಿ ತಿರುಗಿದರೆ ಪಿಕ, ನದಿ ತಿರುಗಿದರೆ ದಿನ. ‘ಲಕ್ಷ್ಮಿಯನ್ನು ತಿರುಗಿಸಿದರೆ ಮಗ (2)’ ಎಂದರೆ ರಮಾ ಹೋಗಿ ಮಾರ, ಅಂದರೆ ಮನ್ಮಥ. ‘ಚೆಲ್ಲಾಪಿಲ್ಲಿ’, ‘ಚದುರಿದ’, ‘ಅಸ್ತವ್ಯಸ್ತ’ ಎಂದಿದ್ದರೆ ಕಲಸಬೇಕು: ‘ರಮಣ ಚದುರಿದರೆ ಸಾವು (3)’, ಮರಣ. ‘ತಲೆ ಹಾರಿದ’ ಎಂದರೆ ಮೊದಲ ಅಕ್ಷರ ತೆಗೆಯಬೇಕು. ‘ತಲೆ ಹಾರಿದ ಯುದ್ಧದಲ್ಲಿ ಉಳಿದ ಪಶು (2)’ ಎಂಬಲ್ಲಿ ಸಮರ ಹಿಡಿದವರಿಗೆ ಮರ ಸಿಕ್ಕುತ್ತದೆ, ಅದು ಪಶುವಲ್ಲ. ಕದನ ಹಿಡಿದರೆ ದನ. ಇಂಥ ಸುಳಿವಿನಲ್ಲಿ ಅರ್ಥ ಹೇಳುವ ಭಾಗ ಯಾವುದು, ಕೆಲಸ ಹೇಳುವ ಭಾಗ ಯಾವುದು ಎಂದು ನಡುವೆ ಗೆರೆ ಎಳೆದು ಬೇರೆ ಮಾಡಿಕೊಂಡರೆ ಗೊಂದಲ ಕಡಿಮೆ.

ಎರಡರ್ಥದ ಪದಗಳು ಇನ್ನೊಂದು ಗುಂಪು. ‘ಬೆಳಿಗ್ಗೆ ಮಾಡಬೇಕಾದ ಸಂಖ್ಯೆ (2)’ ಎಂದರೆ ಏಳು. ನೆರೆ, ಕರ, ಹರಿ, ಮುತ್ತು, ಅರಸು, ಕಾಲು ಇವನ್ನು ಸುಳಿವಿನಲ್ಲಿ ಕಂಡಾಗಲೆಲ್ಲ ಎರಡನೆಯ ಅರ್ಥವನ್ನೂ ಕೇಳಿಕೊಳ್ಳಿ. ‘ಕತ್ತೆಯ ಹೆಸರಿನ ಸಂವತ್ಸರ (2)’ ಎಂದರೆ ಖರ. ಇಲ್ಲಿ ಅಲ್ಪಪ್ರಾಣದ ‘ಕರ’ ಬರೆದರೆ ಅಡ್ಡ ಪದ ದಾರಿ ತಪ್ಪುತ್ತದೆ.

ನೀರಿನ ಮನೆತನ

ಕಠಿಣ ಪದಬಂಧದಲ್ಲಿ ಸಂಸ್ಕೃತದ ಸಮಾನಾರ್ಥಕಗಳದ್ದೇ ಮೇಲುಗೈ. ಬಿಡಿಬಿಡಿಯಾಗಿ ಬಾಯಿಪಾಠ ಮಾಡುವ ಬದಲು ಕಟ್ಟುವ ಕ್ರಮ ತಿಳಿಯಿರಿ. ಜಲ, ವಾರಿ, ಅಂಬು, ತೋಯ ಎಲ್ಲವೂ ನೀರು. ಕೊನೆಗೆ ‘ಜ’ ಸೇರಿದರೆ ನೀರಲ್ಲಿ ಹುಟ್ಟಿದ ತಾವರೆ, ‘ದ’ ಸೇರಿದರೆ ನೀರು ಕೊಡುವ ಮೋಡ, ‘ಧಿ’ ಸೇರಿದರೆ ನೀರಿನ ನೆಲೆಯಾದ ಕಡಲು. ಜಲಜ, ಜಲದ, ಜಲಧಿ; ವಾರಿಜ, ವಾರಿದ, ವಾರಿಧಿ. ನಾಲ್ಕು ಮೂಲಪದಗಳಿಂದ ಹನ್ನೆರಡು ಉತ್ತರ, ಎಲ್ಲವೂ ಮೂರಕ್ಷರದವು. ‘ಸಮುದ್ರ (3)’ ಕಂಡರೆ ಕೊನೆಯ ಮನೆಯಲ್ಲಿ ‘ಧಿ’ ತೆಳುವಾಗಿ ಬರೆದಿಟ್ಟು ಮುಂದೆ ಹೋಗಬಹುದು. ಆದರೂ ಎಚ್ಚರ, ‘ಸಾಗರ’, ‘ಕಡಲು’ ಕೂಡ ಮೂರಕ್ಷರದವೇ. ‘ಮೋಡ (3)’ಕ್ಕೆ ‘ದ’ ಬರೆಯುವಾಗಲೂ ಹಾಗೆಯೇ, ‘ಮುಗಿಲು’ ಅಲ್ಲಿ ಕಾದಿರುತ್ತದೆ.

ಪುರಾಣದ ಹೆಸರುಗಳನ್ನು ಅಕ್ಷರದ ಲೆಕ್ಕದಲ್ಲಿ ಜೋಡಿಸಿಕೊಳ್ಳಿ. ಅರ್ಜುನನಿಗೆ ಎರಡಕ್ಷರ ಬೇಕೆಂದರೆ ಪಾರ್ಥ, ಜಿಷ್ಣು, ನರ. ಮೂರಾದರೆ ಕಿರೀಟಿ, ಫಲ್ಗುಣ, ವಿಜಯ. ನಾಲ್ಕಾದರೆ ಧನಂಜಯ, ಸವ್ಯಸಾಚಿ, ಗುಡಾಕೇಶ. 60 ಸಂವತ್ಸರ, 27 ನಕ್ಷತ್ರ, 12 ರಾಶಿಗಳ ಪಟ್ಟಿ ಪಂಚಾಂಗದಲ್ಲೇ ಇದೆ. ಅದು ಮೇಜಿನ ಮೇಲಿರಲಿ.

ನೆರವು ಕೇಳುವಾಗ

ನಿಘಂಟು ಮೊದಲಕ್ಷರದ ಕ್ರಮದಲ್ಲಿರುತ್ತದೆ. ಕೊನೆಯ ಎರಡು ಅಕ್ಷರ ಮಾತ್ರ ಗೊತ್ತಿದ್ದರೆ ಅದರಿಂದ ಪ್ರಯೋಜನ ಕಡಿಮೆ. ಆದ್ದರಿಂದ ಮೊದಲ ಮನೆಯನ್ನು ಹಾಯುವ ಪದಕ್ಕೇ ಮೊದಲು ಪ್ರಯತ್ನ ಹಾಕಿ. ಹಳೆಯ ಪದಗಳಿಗೆ 1894ರಲ್ಲಿ ಪ್ರಕಟವಾದ ಕಿಟೆಲ್ ನಿಘಂಟು, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಗಟ್ಟಿ ಆಧಾರ. ಮೊಬೈಲಿನಲ್ಲಾದರೆ ‘ಅಲರ್’ ಎಂಬ ಆನ್‌ಲೈನ್ ಕನ್ನಡ–ಇಂಗ್ಲಿಷ್ ನಿಘಂಟು ಇದೆ. ಊಹಿಸಿದ ಪದ ನಿಜಕ್ಕೂ ಇದೆಯೇ, ಅದು ಶ ಬಳಸುತ್ತದೆಯೋ ಷ ಬಳಸುತ್ತದೆಯೋ ಎಂದು ಖಾತ್ರಿ ಮಾಡಿಕೊಳ್ಳಲು ಇವು ಬೇಕೇ ಬೇಕು.

ಇಂಗ್ಲಿಷ್ ಪದಬಂಧಕ್ಕಾಗಿ ಮಾಡಿದ ಹುಡುಕುವ ಸಾಧನಗಳನ್ನು ನಂಬಬೇಡಿ. ನಾಲ್ಕು ಮನೆಯ ‘ಕರ್ನಾಟಕ’ ಯುನಿಕೋಡ್‌ನಲ್ಲಿ 7 ಸಂಕೇತಗಳಾಗಿ ಕೂತಿರುತ್ತದೆ; ಒತ್ತು, ಗುಣಿತಗಳು ಅಲ್ಲಿ ಬೇರೆಬೇರೆ. ನಾಲ್ಕಕ್ಷರ ಕೇಳಿದರೆ ಅದು ಸಿಗುವುದೇ ಇಲ್ಲ. ಎಐ ಚಾಟ್‌ಗಳೂ ಅಕ್ಷರ ಎಣಿಸುವಲ್ಲಿ ತಪ್ಪುತ್ತವೆ. ಅವು ಕೊಟ್ಟ ಪದವನ್ನು ಬೆರಳು ಮಡಚಿ ಮತ್ತೆ ಎಣಿಸಿ.

ಮನುಷ್ಯರನ್ನು ಕೇಳುವುದು ಎಲ್ಲಕ್ಕಿಂತ ಒಳ್ಳೆಯದು. ತಾಳಮದ್ದಳೆ, ಗಮಕ ಕೇಳಿ ಬೆಳೆದ ಹಿರಿಯರಿಗೆ ದೇವತೆಗಳ ಹೆಸರು ನಾಲಗೆಯ ತುದಿಯಲ್ಲಿರುತ್ತದೆ. ಬರೀ ‘ಶಿವನಿಗೆ ಇನ್ನೊಂದು ಹೆಸರೇನು?’ ಎಂದರೆ ಹತ್ತು ಹೆಸರು ಬರುತ್ತವೆ, ಯಾವುದೂ ಹೊಂದುವುದಿಲ್ಲ. ‘ಅಜ್ಜಾ, ಶಿವನ ಹೆಸರು, ನಾಲ್ಕಕ್ಷರ, ಎರಡನೆಯದು ಶು’ ಎಂದು ಕೇಳಿ. ‘ಪಶುಪತಿ’ ಎಂಬ ಉತ್ತರ ಕೂಡಲೇ ಬರುತ್ತದೆ. ಸಿಕ್ಕಿದ ಪದವನ್ನು ಒಂದೇ ಅಡ್ಡ ಪದದಿಂದ ಒಪ್ಪಬೇಡಿ, ಕನಿಷ್ಠ ಎರಡು ಕಡೆ ತಾಳೆಯಾಗಲಿ.

ಒಂದು ಮೂಲೆ ಪೂರ್ತಿ ಕಟ್ಟಿಹೋಗಿದ್ದರೆ ಅಲ್ಲಿ ಈಗಾಗಲೇ ಬರೆದ ಪದವೊಂದು ತಪ್ಪಿರುವ ಸಾಧ್ಯತೆಯೇ ಹೆಚ್ಚು. ಒಂದೇ ಸುಳಿವಿನ ಆಧಾರದ ಮೇಲೆ, ಅಡ್ಡ ಪದದ ಬೆಂಬಲವಿಲ್ಲದೆ ಕೂತದ್ದು ಯಾವುದೆಂದು ನೋಡಿ ಅದನ್ನು ಅಳಿಸಿ. ಲ, ಳ ಅದಲುಬದಲಾಗಿದೆಯೇ, ‘ಹ’ ಇರಬೇಕಾದಲ್ಲಿ ‘ಅ’ ಬಂದಿದೆಯೇ ನೋಡಿ. ಮರುದಿನ ಉತ್ತರ ಬಂದಾಗ, ಬಿಡಿಸಲಾಗದೆ ಉಳಿದ ಸುಳಿವುಗಳನ್ನಷ್ಟೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ: ಎರಡಕ್ಷರದವು ಒಂದು ಪುಟ, ಮೂರಕ್ಷರದವು ಇನ್ನೊಂದು, ನಾಲ್ಕರವು ಮತ್ತೊಂದು.