ಕಾಮಾ ಕಂಡಲ್ಲಿ ಕತ್ತರಿಸಿ, ಖಾಲಿ ಮನೆ ಕಳೆಯದಂತೆ

ಬ್ಯಾಡಗಿಯ ದಲಾಲಿ ಅಂಗಡಿಯ ಲೆಕ್ಕದಲ್ಲಿ ಹೀಗೊಂದು ಸಾಲಿದೆ ಎಂದುಕೊಳ್ಳಿ: "ಡಬ್ಬಿ,12,,ಹಾವೇರಿ". ಮೆಣಸಿನಕಾಯಿ ತಳಿ, ಚೀಲ, ದರ, ಊರು. ದರ ಇನ್ನೂ ಆಗಿಲ್ಲ, ಅದಕ್ಕೇ ಎರಡು ಕಾಮಾ ಅಕ್ಕಪಕ್ಕ ಕೂತಿವೆ. ಸಿ ಭಾಷೆಯಲ್ಲಿ ಇದನ್ನು ನಾಲ್ಕು ತುಂಡು ಮಾಡಬೇಕು.

ಇದಕ್ಕೆ ಕಾಲೇಜಿನಲ್ಲಿ ಕಲಿಸುವ ಫಂಕ್ಷನ್ ಸ್ಟ್ರ್‌ಟಾಕ್. ಸ್ಟ್ರಿಂಗ್ ಡಾಟ್ ಎಚ್ ಹೆಡರ್ ಸೇರಿಸಿ. ಮೊದಲ ಸಲ ಸಾಲನ್ನೂ ಕಾಮಾವನ್ನೂ ಕೊಡಿ. ಆಮೇಲೆ ಪ್ರತಿ ಸಲ ಸಾಲಿನ ಬದಲು ನಲ್ ('ಏನೂ ಇಲ್ಲ' ಎಂಬ ಗುರುತು) ಕೊಡಿ, ಎಲ್ಲಿ ನಿಲ್ಲಿಸಿದ್ದೆ ಅನ್ನೋದು ಅದಕ್ಕೇ ನೆನಪಿರುತ್ತದೆ. ಫಂಕ್ಷನ್ನೇ ನಲ್ ವಾಪಸ್ ಕೊಟ್ಟರೆ ತುಂಡುಗಳು ಮುಗಿದವು.

ಇದು ನಕಲು ಮಾಡಿ ಕೊಡುವುದಿಲ್ಲ. ಕಾಮಾ ಅಳಿಸಿ, ಅಲ್ಲೇ ಸ್ಟ್ರಿಂಗ್ ಮುಗಿಯಿತು ಎನ್ನುವ ಸೊನ್ನೆ ಬೈಟ್ ಇಡುತ್ತದೆ. ಮೂಲ ಸಾಲು ಹಾಳಾಯಿತು ಅಂತಲೇ ಲೆಕ್ಕ. ಆದ್ದರಿಂದ ಸಾಲು ಕ್ಯಾರ್ ಅರೇಯಲ್ಲಿ, ಅಂದರೆ ತಿದ್ದಬಹುದಾದ ಜಾಗದಲ್ಲಿರಲಿ. ಕೋಟ್‌ನೊಳಗಿನ ಸ್ಟ್ರಿಂಗ್‌ಗೆ ಪಾಯಿಂಟರ್ (ಮೆಮೊರಿ ವಿಳಾಸ) ಇಟ್ಟು ನೇರವಾಗಿ ಕೊಟ್ಟರೆ ಪ್ರೋಗ್ರಾಂ ಸಾಮಾನ್ಯವಾಗಿ ಅಲ್ಲೇ ಮಕಾಡೆ ಮಲಗುತ್ತದೆ.

ಅದಾದರೂ ಕಣ್ಣಿಗೆ ಕಾಣುವ ತಪ್ಪು. ಕಾಣದ್ದು ಇನ್ನೊಂದಿದೆ. ಸ್ಟ್ರ್‌ಟಾಕ್‌ಗೆ ಒತ್ತಾಗಿರುವ ಎರಡು ಕಾಮಾ ಒಂದೇ ಕಾಮಾ ಇದ್ದಂತೆ. ನಾನು ಮೊದಲು ಬರೆದಾಗ ಮೂರೇ ತುಂಡು ಬಂದು, ಹಾವೇರಿ ಹೋಗಿ ದರದ ಮನೆಯಲ್ಲಿ ಕೂತಿತ್ತು! ಅದನ್ನು ಅಂಕಿಯ ಸ್ಟ್ರಿಂಗನ್ನು ಸಂಖ್ಯೆ ಮಾಡುವ ಎಟಾಯ್‌ಗೆ ಕೊಟ್ಟರೆ 0. ಎಲ್ಲೂ ಒಂದು ಎರರ್ ಇಲ್ಲ. ಅರ್ಧ ದಿನ ಸುಮ್ನೆ ಹೋಯಿತು.

ಖಾಲಿ ಮನೆ ಬರಬಹುದಾದರೆ, ಅಕ್ಷರ ಹುಡುಕಿ ಅದಿರುವ ಜಾಗ ಹೇಳುವ ಸ್ಟ್ರ್‌ಚರ್ ಹಿಡಿದು ನೀವೇ ಕತ್ತರಿಸಿ. ಒಂದು ಪಾಯಿಂಟರನ್ನು ಸಾಲಿನ ಶುರುವಿಗೆ ಇಡಿ. ಅಲ್ಲಿಂದ ಮುಂದಿನ ಕಾಮಾ ಹುಡುಕಿ. ಸಿಕ್ಕಿತಾ? ಆ ಜಾಗದಲ್ಲಿ ಸೊನ್ನೆ ಬೈಟ್ ಇಡಿ. ಪಾಯಿಂಟರ್‌ನಿಂದ ಅಲ್ಲಿಯವರೆಗೆ ಒಂದು ತುಂಡು. ಅದನ್ನು ಬಳಸಿಕೊಂಡು, ಪಾಯಿಂಟರನ್ನು ಕಾಮಾದ ಮುಂದಿನ ಅಕ್ಷರಕ್ಕೆ ಸರಿಸಿ. ಸಿಗದಿದ್ದರೆ ಉಳಿದದ್ದೇ ಕೊನೆಯ ತುಂಡು. ಕಾಮಾ ಮೇಲೇ ಪಾಯಿಂಟರ್ ನಿಂತಿದ್ದರೆ ಖಾಲಿ ಸ್ಟ್ರಿಂಗ್ ಬರುತ್ತದೆ, ನಮಗೆ ಬೇಕಿದ್ದದ್ದೂ ಅದೇ ಅಲ್ವಾ? ಲಿನಕ್ಸ್‌ನಲ್ಲಿ ಸ್ಟ್ರ್‌ಸೆಪ್ ಇದನ್ನೇ ಮಾಡುತ್ತದೆ, ಆದರೆ ಅದು ಸಿ ಸ್ಟ್ಯಾಂಡರ್ಡ್‌ನಲ್ಲಿಲ್ಲ.

ಕನ್ನಡ ಅಕ್ಷರ ಒಡೆದುಹೋಗುತ್ತವಾ ಎಂಬ ಭಯ ಬೇಡ. ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ "ಡಬ್ಬಿ"ಗೆ 15 ಬೈಟ್ ಬೇಕು, ಅದರಲ್ಲಿ ಒಂದೂ ಕಾಮಾದ ಬೈಟ್ ಆಗಿರುವುದಿಲ್ಲ. ಕನ್ನಡ ಅಕ್ಷರವನ್ನೇ ಗಡಿಯಾಗಿ ಸ್ಟ್ರ್‌ಟಾಕ್‌ಗೆ ಕೊಡಬೇಡಿ ಅಷ್ಟೇ. ಅದು ಬೈಟ್ ಬೈಟಾಗಿ ನೋಡಿ ಎಲ್ಲ ಚಿಂದಿ ಮಾಡುತ್ತದೆ.

ಫೈಲಿನಿಂದ ಎಫ್‌ಗೆಟ್ಸ್‌ನಲ್ಲಿ ಓದುತ್ತಿದ್ದರೆ ಸಾಲಿನ ತುದಿಯ ನ್ಯೂಲೈನ್ ಮೊದಲೇ ತೆಗೆಯಿರಿ. ಇಲ್ಲದಿದ್ದರೆ ಅದು "ಹಾವೇರಿ"ಗೆ ಅಂಟಿಕೊಂಡೇ ಬರುತ್ತದೆ, ಎರಡು ಸ್ಟ್ರಿಂಗ್ ಹೋಲಿಸುವ ಸ್ಟ್ರ್‌ಕಂಪ್ ಅದನ್ನು ಬೇರೆ ಊರು ಅನ್ನುತ್ತದೆ.